ಗಡಿಯಾಚೆ ಒಂದು ಕಾಲು, ಊರೊಳಗೊಂದು ಕಾಲು: ರಾಯಚೂರು ಸೀಮೆಯಲ್ಲಿ ಪ್ರತಿರೋಧ ಕಟ್ಟಿದ ಬಗೆ

ಹೈದರಾಬಾದ್ ಕರ್ನಾಟಕದ ವಿಮೋಚನೆಯ ಕಥೆಯನ್ನು ಸಾಮಾನ್ಯವಾಗಿ ನಿಜಾಮನ ಪರ ನಿಂತ ಖಾಸಗಿ ಪಡೆಯಾದ ರಜಾಕಾರರಿಂದ ಶುರು ಮಾಡುತ್ತಾರೆ. ಅವರ ಹಾವಳಿ ಏರಿದ್ದು ನಿಜಾಮಶಾಹಿಯ ಕೊನೆಯ ದಿನಗಳಲ್ಲಿ. ಅದಕ್ಕೂ ಎಷ್ಟೋ ಮೊದಲೇ ಈ ಸೀಮೆಯ ರಾಜಕೀಯದ ಬಾಯಿ ಕಟ್ಟಿದ್ದು ಒಂದು ಸರ್ಕಾರಿ ಸುತ್ತೋಲೆ, ಗಸ್ತಿ ನಿಶಾನ್ 53. ಸಾರ್ವಜನಿಕ ಸಭೆಗೆ ಮುಂಚಿತವಾಗಿ ಪರವಾನಗಿ ಪಡೆಯಬೇಕು ಎಂಬುದು ಅದರ ತಿರುಳು. ಹೆಸರಿಗೆ ನಿಷೇಧವಿಲ್ಲ. ಇಂಥ ಕಟ್ಟಳೆಯಲ್ಲಿ ಅರ್ಜಿಯನ್ನು ತಿರಸ್ಕರಿಸುವ ಶ್ರಮವೂ ಬೇಕಿಲ್ಲ. ಉತ್ತರ ಕೊಡದೆ ಕೂತರೆ ಸಭೆಯ ತಾರೀಖು ತಾನೇ ದಾಟಿಹೋಗುತ್ತದೆ, ಅರ್ಜಿಗೆ ಸಹಿ ಹಾಕಿದವರ ಹೆಸರುಗಳು ಮಾತ್ರ ಕಚೇರಿಯಲ್ಲಿ ಉಳಿಯುತ್ತವೆ.

ಇಂದಿನ ಕೊಪ್ಪಳ ಜಿಲ್ಲೆಯೂ ಆಗ ರಾಯಚೂರಿನ ಭಾಗ. ಕೊಪ್ಪಳ ಪಟ್ಟಣ ಸಾಲಾರ್ ಜಂಗ್ ಮನೆತನದ ಜಾಗೀರು. ಅಂದರೆ ಅಲ್ಲಿನ ರೈತನ ಮೇಲೆ ನಿಜಾಮನೂ ಇದ್ದ, ಜಾಗೀರುದಾರನೂ ಇದ್ದ. ಹಳ್ಳಿಯಲ್ಲಿ ಕಂದಾಯಕ್ಕೆ ಮಾಲಿಪಾಟೀಲ, ಬಂದೋಬಸ್ತಿಗೆ ಪೊಲೀಸ್ ಪಾಟೀಲ. ಕಚೇರಿಯ ಭಾಷೆ ಉರ್ದು. ಹಣವೂ ಬೇರೆ, ಹಾಲಿ ಸಿಕ್ಕಾ. ಗಡಿಯಲ್ಲಿ ಸುಂಕ ವಸೂಲಿಗೆ ಕರೋಡಗಿರಿ ನಾಕಾ. ತುಂಗಭದ್ರೆ ದಾಟಿದರೆ ಬಳ್ಳಾರಿ ಜಿಲ್ಲೆ, ಅದು ಮದ್ರಾಸ್ ಪ್ರಾಂತ್ಯದ ಬ್ರಿಟಿಷ್ ಆಡಳಿತ. ಪಶ್ಚಿಮಕ್ಕೆ ಮುಂಡರಗಿ, ಗಜೇಂದ್ರಗಡ, ಅವು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಈ ಎರಡು ಗಡಿಗಳೇ ಮುಂದೆ ಚಳವಳಿಯ ಸ್ವರೂಪವನ್ನು ತೀರ್ಮಾನಿಸಿದವು.

ಪಕ್ಷ ಕಟ್ಟಲು ಬಾರದ ಕಡೆ ಜನ ಶಾಲೆ ಕಟ್ಟಿದರು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಆರಂಭಿಸಿದರು. ಕುಕನೂರಿನಲ್ಲಿ 1922ರಲ್ಲಿ ವಿದ್ಯಾನಂದ ಗುರುಕುಲ ಶುರುವಾಯಿತು. ಖಾದಿ, ಪತ್ರಿಕೆ, ಕನ್ನಡ ಪುಸ್ತಕ, ಹೊರಗಿನ ಸುದ್ದಿ, ಎಲ್ಲಕ್ಕೂ ಇಂಥ ಜಾಗಗಳೇ ಬಾಗಿಲು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದೂ ರಾಯಚೂರಿನಲ್ಲೇ. ಸಮ್ಮೇಳನ ನಡೆಸುವುದೆಂದರೆ ಸ್ವಾಗತ ಸಮಿತಿ, ಚಂದಾ ಪಟ್ಟಿ, ಸ್ವಯಂಸೇವಕರು, ಊಟದ ವ್ಯವಸ್ಥೆ, ಹಳ್ಳಿ ಹಳ್ಳಿಗೆ ಆಹ್ವಾನ. ಒಂದು ರಾಜಕೀಯ ಪಕ್ಷಕ್ಕೆ ಬೇಕಾದ ಕಸುಬೂ ಬಹುಪಾಲು ಇದೇ. ಈ ಭಾಗದ ಕನ್ನಡ ಸಂಘಗಳ ಇತಿಹಾಸವನ್ನು ಸಾಹಿತ್ಯದ ಕಪಾಟಿನಲ್ಲಷ್ಟೇ ಇಡುವವರು ಇದನ್ನು ಗಮನಿಸಬೇಕು.

1937ರಲ್ಲಿ ಬೀದರಿನಲ್ಲಿ ಕರ್ನಾಟಕ ಪರಿಷತ್ತು ಸೇರಿತು. ತೆಲಂಗಾಣಕ್ಕೆ ಆಂಧ್ರ ಮಹಾಸಭಾ ಇತ್ತು, ಮರಾಠವಾಡಕ್ಕೆ ಮಹಾರಾಷ್ಟ್ರ ಪರಿಷತ್ತು ಇತ್ತು. ಈ ಮೂರರ ಕಾರ್ಯಕರ್ತರು ಸೇರಿ 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟರು. ಪಕ್ಷ ವಿಧ್ಯುಕ್ತವಾಗಿ ಹುಟ್ಟುವ ಮೊದಲೇ ಸರ್ಕಾರ ಅದನ್ನು ನಿಷೇಧಿಸಿತು. ಅಕ್ಟೋಬರ್ 24ಕ್ಕೆ ಸತ್ಯಾಗ್ರಹ ಶುರುವಾಯಿತು. ಸಣ್ಣ ಸಣ್ಣ ತಂಡಗಳು ಒಂದಾದ ಮೇಲೊಂದು ಬೀದಿಗಿಳಿದು, ತಾವು ಸ್ಟೇಟ್ ಕಾಂಗ್ರೆಸ್ಸಿನವರು ಎಂದು ಸಾರಿ ಬಂಧನಕ್ಕೊಳಗಾಗುವ ಕ್ರಮ ಅದು. ಎಲ್ಲರೂ ಒಮ್ಮೆಲೇ ಇಳಿದರೆ ಒಂದೇ ದಿನಕ್ಕೆ ಮುಗಿಯುವ ಚಳವಳಿ ಹೀಗೆ ಎರಡು ತಿಂಗಳು ನಡೆಯಿತು.

ಡಿಸೆಂಬರ್ 24ಕ್ಕೆ ಅದನ್ನು ನಿಲ್ಲಿಸಬೇಕಾಯಿತು. ಅದೇ ಹೊತ್ತಿಗೆ ಆರ್ಯ ಸಮಾಜ ಮತ್ತು ಹಿಂದೂ ಮಹಾಸಭೆಯವರೂ ಬೇರೆ ಬೇಡಿಕೆಗಳಿಟ್ಟು ಸತ್ಯಾಗ್ರಹ ಮಾಡುತ್ತಿದ್ದರು. ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ ಕೇಳಿ ಜೈಲಿಗೆ ಹೋದವರು ಯಾರು, ಧಾರ್ಮಿಕ ಹಕ್ಕು ಕೇಳಿ ಹೋದವರು ಯಾರು ಎಂಬುದು ಕಲಸಿಹೋಯಿತು. ಇಡೀ ಚಳವಳಿಯೇ ಕೋಮುವಾದಿ ಎಂದು ಹೇಳಲು ಸರ್ಕಾರಕ್ಕೆ ಅನುಕೂಲವಾಯಿತು. ಗಾಂಧೀಜಿಯ ಸಲಹೆಯೂ ನಿಲ್ಲಿಸಿ ಎಂದೇ ಬಂತು. ನಿಷೇಧ ತೆರವಾದದ್ದು 1946ರಲ್ಲಿ. ಎಂಟು ವರ್ಷ ಹೆಸರಿಲ್ಲದೆ ಉಳಿದ ಪಕ್ಷ ಮತ್ತೆ ಚಿಗುರಿದ್ದಕ್ಕೆ ಸಿಂದಗಿ ಕಡೆಯ ಮೂಲದ ಸ್ವಾಮಿ ರಾಮಾನಂದ ತೀರ್ಥರ ಹಟ ಒಂದು ಕಾರಣ. ಶಾಲೆ, ವಾಚನಾಲಯ, ವಕೀಲರ ಬಳಗಗಳಲ್ಲಿ ಆ ಜನ ಚದುರದೆ ಉಳಿದಿದ್ದರು ಎಂಬುದು ಇನ್ನೊಂದು, ನನ್ನ ಲೆಕ್ಕಕ್ಕೆ ದೊಡ್ಡದು.

1947ರ ಜೂನ್‌ನಲ್ಲಿ ನಿಜಾಮ ತಾನು ಸ್ವತಂತ್ರನಾಗಿ ಉಳಿಯುವುದಾಗಿ ಫರ್ಮಾನು ಹೊರಡಿಸಿದ. ಆಗಸ್ಟ್ 7ರಂದು ಸ್ಟೇಟ್ ಕಾಂಗ್ರೆಸ್ ಭಾರತ ಸೇರ್ಪಡೆ ದಿನ ಆಚರಿಸಿತು. ಈ ಸಲದ ಕಾರ್ಯಕ್ರಮ ಖಜಾನೆಯ ಮೇಲೆ ಕಣ್ಣಿಟ್ಟು ರೂಪಿಸಿದ್ದು. ಧ್ವಜ ಹಾರಿಸುವುದು ಸರಿಯೇ, ಜೊತೆಗೆ ಹೆಂಡ ಇಳಿಸುವ ಶಿಂದಿ ಗಿಡ ಕಡಿಯುವುದು, ಏಕೆಂದರೆ ಅಬಕಾರಿ ನಿಜಾಮನ ದೊಡ್ಡ ಆದಾಯ. ಸರ್ಕಾರ ಕಡ್ಡಾಯವಾಗಿ ವಸೂಲಿ ಮಾಡುವ ಲೆವಿ ಧಾನ್ಯ ಕೊಡದಿರುವುದು, ಕರೋಡಗಿರಿ ನಾಕಾ ಕೆಡವುವುದು, ಅರಣ್ಯ ಕಾಯ್ದೆ ಮುರಿಯುವುದು. ಒಬ್ಬ ರೈತ ತನ್ನೂರಿನಲ್ಲೇ, ಭಾಷಣ ಬಾರದಿದ್ದರೂ, ಒಂದು ಕೊಡಲಿ ಹಿಡಿದು ಮಾಡಬಹುದಾದ ಕೆಲಸಗಳಿವು.

ಇದಕ್ಕೆ ಬೆನ್ನೆಲುಬಾದದ್ದು ಗಡಿಯಾಚೆ ಹೋರಾಟಗಾರರು ಹೂಡಿದ ಶಿಬಿರಗಳು. ಮುಂಡರಗಿ ಶಿಬಿರದ ನಾಯಕತ್ವ ಆಳವಂಡಿ ಶಿವಮೂರ್ತಿಸ್ವಾಮಿಗಳದು, ಗಜೇಂದ್ರಗಡದ್ದು ಪುಂಡಲೀಕಪ್ಪ ಜ್ಞಾನಮೋಠೆಯವರದು. ಜಾಗದ ಆಯ್ಕೆ ನೋಡಿ. ಆಳವಂಡಿ ಇರುವುದು ಕೊಪ್ಪಳದಿಂದ ಮುಂಡರಗಿಗೆ ಹೋಗುವ ದಾರಿಯಲ್ಲೇ. ಶಿಬಿರದ ನಾಯಕನಿಗೆ ಗಡಿಯ ಎರಡೂ ಬದಿಯ ಹಳ್ಳಿಗಳ ಗುರುತಿತ್ತು, ನಿಜಾಮನ ಪೊಲೀಸರಿಗೆ ಗಡಿ ದಾಟಿ ಬಂದು ಹಿಡಿಯುವ ಅಧಿಕಾರ ಇರಲಿಲ್ಲ. ಶಿಬಿರ ಎಂದಕೂಡಲೆ ಬಂದೂಕು ನೆನಪಾಗುತ್ತದೆ. ಆದರೆ ನಿಜಾಮನ ಸೀಮೆಯಿಂದ ಬರುವ ನಿರಾಶ್ರಿತ ಕುಟುಂಬಗಳಿಗೆ ನೆಲೆ, ಊಟಕ್ಕೆ ಜೋಳ, ಊರೊಳಗಿನಿಂದ ಸುದ್ದಿ ತರುವವರ ಸರಪಳಿ, ಇವೂ ಅಷ್ಟೇ ದೊಡ್ಡ ಕೆಲಸ. ಊರಿನಲ್ಲಿ ಉಳಿದವರು ಠಾಣೆಯಲ್ಲಿ ಎಷ್ಟು ಜನರಿದ್ದಾರೆ ಎಂದು ತಿಳಿಸದಿದ್ದರೆ ಶಿಬಿರದವರು ಕುರುಡರು. ಶಿಬಿರವಿಲ್ಲದಿದ್ದರೆ ಊರಿನವರು ಒಂದೇ ವಾರಕ್ಕೆ ಜೈಲಿನಲ್ಲಿ.

ಎಡವಟ್ಟುಗಳೂ ಇಲ್ಲಿಂದಲೇ. ಶಿಬಿರದವರು ನಾಕಾ ಅಥವಾ ಚೌಕಿಯ ಮೇಲೆ ದಾಳಿ ಮಾಡಿ ಗಡಿ ದಾಟಿ ಮರಳುತ್ತಿದ್ದರು. ನಿಜಾಮನ ಕಡೆಯವರ ಸೇಡು ತೀರುತ್ತಿದ್ದುದು ಹತ್ತಿರದ ಹಳ್ಳಿಯ ಮೇಲೆ. ಇನ್ನು 1947ರ ನವೆಂಬರ್ 29ರಂದು ಭಾರತ ಮತ್ತು ನಿಜಾಮನ ನಡುವೆ ಆದ ಯಥಾಸ್ಥಿತಿ ಒಪ್ಪಂದದ ಬಳಿಕ ಭಾರತ ಸರ್ಕಾರ ಈ ಶಿಬಿರಗಳನ್ನು ಬಹಿರಂಗವಾಗಿ ತನ್ನವು ಎನ್ನುವಂತಿರಲಿಲ್ಲ.

1948ರ ಸೆಪ್ಟೆಂಬರ್ 13ಕ್ಕೆ ಭಾರತೀಯ ಸೇನೆಯ ಪೊಲೀಸ್ ಕಾರ್ಯಾಚರಣೆ ಆರಂಭವಾಗಿ 17ಕ್ಕೆ ನಿಜಾಮ ಸೋಲೊಪ್ಪಿದ. ನಮ್ಮ ವಿಮೋಚನಾ ಉತ್ಸವದ ಭಾಷಣಗಳು ಇಲ್ಲಿಗೇ ನಿಲ್ಲುತ್ತವೆ. ಆ ನಂತರದ ವಾರಗಳಲ್ಲಿ ಸಂಸ್ಥಾನದ ಹಲವೆಡೆ ನಿರಪರಾಧಿ ಮುಸ್ಲಿಮರ ಹತ್ಯೆಗಳಾದವು. ಕೇಂದ್ರ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27,000ದಿಂದ 40,000 ಎಂದು ಅಂದಾಜಿಸಿತು. ದಶಕಗಟ್ಟಲೆ ಆ ವರದಿ ಹೊರಬರಲಿಲ್ಲ. ಹಳೆಯ ಆಡಳಿತ ಬಿದ್ದು ಹೊಸದು ಕೂರುವ ನಡುವಿನ ದಿನಗಳಲ್ಲಿ ಹಳ್ಳಿಯನ್ನು ಯಾರು ಕಾಯಬೇಕು ಎಂಬುದಕ್ಕೆ ಗೆದ್ದವರ ಬಳಿ ಯೋಜನೆ ಇರಲಿಲ್ಲ.

ಶಿಬಿರದ ಸಂಘಟನೆಗೆ ಮತ ತರುವ ಶಕ್ತಿಯೂ ಇತ್ತು. 1952ರಲ್ಲಿ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಲೋಕಸಭಾ ಕ್ಷೇತ್ರದಿಂದ ಪಕ್ಷೇತರರಾಗಿ ಗೆದ್ದರು, ಅದೂ ಕಾಂಗ್ರೆಸ್ಸಿನ ಅಲೆಯ ಕಾಲದಲ್ಲಿ.

ತುರ್ತುಪರಿಸ್ಥಿತಿಯದು ಬೇರೆಯೇ ಲೆಕ್ಕ. 1975ರ ಜೂನ್ 25ರ ರಾತ್ರಿಯ ಬಳಿಕ ವಿಚಾರಣೆಯಿಲ್ಲದೆ ಬಂಧಿಸಿಡಬಹುದಾದ ಮೀಸಾ ಕಾಯ್ದೆಯಡಿ ಸಿಕ್ಕಿಬಿದ್ದವರು ರಾಜ್ಯದ ಜೈಲುಗಳನ್ನು ತುಂಬಿದರು. ಬಳ್ಳಾರಿಗೆ ಜೈಲು ಹೊಸತಲ್ಲ, ಬ್ರಿಟಿಷರ ಕಾಲದಲ್ಲೇ ಅಲ್ಲೀಪುರದ ಜೈಲು ಮಲಬಾರಿನ ಮಾಪಿಳ್ಳೆ ಕೈದಿಗಳನ್ನೂ ಸತ್ಯಾಗ್ರಹಿಗಳನ್ನೂ ಕಂಡಿತ್ತು. ಆದರೆ 1977ರ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದರೆ ಕರ್ನಾಟಕ 28ರಲ್ಲಿ 26 ಸ್ಥಾನ ಅದಕ್ಕೇ ಕೊಟ್ಟಿತು. ಈ ಬಾರಿ ಓಡಿಹೋಗಿ ನಿಲ್ಲಲು ಗಡಿಯಾಚೆ ಎಂಬುದೇ ಇರಲಿಲ್ಲ. ಮುಂಡರಗಿಯಲ್ಲೂ ಅದೇ ಕಾನೂನು, ಗದಗಿನ ಪತ್ರಿಕೆಗೂ ಅದೇ ಸೆನ್ಸಾರ್. ಜೊತೆಗೆ ಅದೇ ಹೊತ್ತಿನಲ್ಲಿ ದೇವರಾಜ ಅರಸು ಸರ್ಕಾರದ ಭೂನ್ಯಾಯ ಮಂಡಳಿಗಳ ಮುಂದೆ ಗೇಣಿದಾರರು ಉಳುವ ಹೊಲದ ಒಡೆತನ ಕೇಳುವ 7ನೇ ನಮೂನೆಯ ಅರ್ಜಿ ಹಿಡಿದು ನಿಂತಿದ್ದರು. ಹೊಲದ ಪತ್ರ ಕೈಗೆ ಬರುವ ಹೊತ್ತಿನಲ್ಲಿ ವಾಕ್ ಸ್ವಾತಂತ್ರ್ಯದ ಮಾತು ಎತ್ತಿದವರಿಗೆ ಆ ಹೊಲದ ಬಗ್ಗೆ ಹೇಳಲು ಏನೂ ಇರಲಿಲ್ಲ. ಜೈಲಿನಿಂದ ಬಂದವರ ತ್ಯಾಗ ದೊಡ್ಡದೇ, ಹಳ್ಳಿಯಲ್ಲಿ ಅವರ ಸಂಘಟನೆ ತೆಳುವಾಗಿತ್ತು.

ಬಳ್ಳಾರಿಯ ಅಕ್ರಮ ಅದಿರು ಗಣಿಗಾರಿಕೆಯ ಕಾಲಕ್ಕೆ ಬಂದರೆ ಸರ್ವಾಧಿಕಾರದ ವೇಷ ಬದಲಾಗಿತ್ತು. ಚುನಾವಣೆ ನಡೆಯುತ್ತಿತ್ತು, ಕಾನೂನು ಪುಸ್ತಕದಲ್ಲಿತ್ತು, ಜಿಲ್ಲೆಯ ಕಚೇರಿಗಳು ಮಾತ್ರ ಹಣದ ಮಾತು ಕೇಳುತ್ತಿದ್ದವು. 2010ರಲ್ಲಿ ಕಾಂಗ್ರೆಸ್ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿ.ಮೀ. ಪಾದಯಾತ್ರೆ ಮಾಡಿತು. ಸುದ್ದಿಯಾಯಿತು, ಮತವೂ ಆಯಿತು. ಗಣಿಯನ್ನು ನಿಲ್ಲಿಸಿದ್ದು ಕಾಗದ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ 2008 ಮತ್ತು 2011ರ ವರದಿಗಳು, ಸಮಾಜ ಪರಿವರ್ತನ ಸಮುದಾಯ ಎಂಬ ಸ್ವಯಂಸೇವಾ ಸಂಸ್ಥೆ 2009ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿ, ಆ ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿಯ ತನಿಖೆ. 2011ರ ಜುಲೈ 29ರಂದು ಕೋರ್ಟ್ ಜಿಲ್ಲೆಯ ಅದಿರು ಗಣಿಗಾರಿಕೆಯನ್ನೇ ತಡೆಯಿತು.

ಮುಂದಿನ ಕೆಲಸ ಅಳತೆಯದು. ಜಂಟಿ ಸರ್ವೆ ನಡೆಸಿ ಗಣಿ ಗುತ್ತಿಗೆಗಳನ್ನು ಉಲ್ಲಂಘನೆಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದರು. ಗುತ್ತಿಗೆ ಗಡಿಯ ಹೊರಗೆ ತೋಡಿದ್ದು ಗುತ್ತಿಗೆ ಪ್ರದೇಶದ 10%ಗಿಂತ ಹೆಚ್ಚು, ಅಥವಾ ತ್ಯಾಜ್ಯ ಮಣ್ಣು ಸುರಿದದ್ದು 15%ಗಿಂತ ಹೆಚ್ಚಿದ್ದರೆ ಅದು ಸಿ ವರ್ಗ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಬಿತ್ತು, ಮಾರಾಟಕ್ಕೆ ಇ-ಹರಾಜು ಬಂತು. ಮುಂಡರಗಿ ಶಿಬಿರದ ಲೆಕ್ಕವೇ ಇಲ್ಲಿಯೂ. ಗಡಿಗುರುತು ಎಲ್ಲಿತ್ತು, ಎಲ್ಲಿಗೆ ಹೋಯಿತು ಎಂದು ಹೇಳಬಲ್ಲವರು ಊರೊಳಗೆ ಬೇಕು. ಜಿಲ್ಲೆಯ ಒತ್ತಡ ಮುಟ್ಟದ ದೂರದಲ್ಲಿ ಆ ಮಾತನ್ನು ದಾಖಲಿಸುವವರೂ ಬೇಕು.

ಈಗಿನ ಕಥೆ ಅಷ್ಟು ರೋಚಕವಾಗಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಕೂತರು. ಗ್ರಾಮ ಪಂಚಾಯಿತಿಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಹೀಗಾಗಿ ಹಳ್ಳಿಗೂ ಶಾಸಕರಿಗೂ ನಡುವೆ ಪಕ್ಷದ ಮೆಟ್ಟಿಲೇ ಕುಸಿದಿದೆ, ಕಾರ್ಯಕರ್ತ ಎಂದರೆ ಶಾಸಕರ ಬೆಂಬಲಿಗ ಎಂದಾಗಿದೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಬಳ್ಳಾರಿ ಜಿಲ್ಲೆಯಿಂದ ಸದಸ್ಯ ಸ್ಥಾನಗಳ ಹರಾಜಿನ ಸುದ್ದಿಯೂ ಬಂತು. ಅವಿರೋಧ ಆಯ್ಕೆಯಾದರೆ ಮತಗಟ್ಟೆಯೂ ಇಲ್ಲ, ಏಜೆಂಟರೂ ಇಲ್ಲ.

ಮತಪಟ್ಟಿಯ ವಿಷಯದಲ್ಲಿ ಈ ಸೀಮೆಗೆ ಅದರದೇ ತೊಂದರೆ ಇದೆ, ಕೂಲಿಗಾಗಿ ಊರು ಬಿಡುವ ಗುಳೆ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯವರು ಕೆಲಸಕ್ಕೆ ಬೆಂಗಳೂರಿಗೆ ಹೋದಾಗ ಮನೆಗೆ ಬೀಗ. ಪರಿಶೀಲನೆಗೆ ಬಂದವರು ಸ್ಥಳಾಂತರ ಎಂದು ಬರೆದುಕೊಂಡರೆ ಹೆಸರು ಹೋಗುವ ದಾರಿ ತೆರೆಯಿತು. ಸೇರ್ಪಡೆಗೆ ಫಾರ್ಮ್ 6, ತೆಗೆಯಲು 7, ತಿದ್ದುಪಡಿಗೆ 8. ಪಕ್ಷದ ಬೂತ್ ಏಜೆಂಟ್ ಕರಡು ಪಟ್ಟಿಯನ್ನು ಓಣಿಯಲ್ಲಿ ಕೂತು ಮನೆ ಮನೆಯ ಹೆಸರು ಓದಿಸಿದರೆ ಇದು ಆಗಲೇ ಸಿಗುತ್ತದೆ. ಮತದಾನದ ದಿನ ಸಿಕ್ಕರೆ ಏನೂ ಮಾಡಲಾಗದು.

ಆ ದಿನದ ಕೆಲಸವೂ ಸಪ್ಪೆಯದೇ. ಪೋಲಿಂಗ್ ಏಜೆಂಟ್ ಅಭ್ಯರ್ಥಿ ಅಥವಾ ಅವರ ಚುನಾವಣಾ ಏಜೆಂಟ್ ಸಹಿ ಮಾಡಿದ ಫಾರ್ಮ್ 10 ಹಿಡಿದು ಮತದಾನಕ್ಕೆ ತೊಂಬತ್ತು ನಿಮಿಷ ಮೊದಲೇ ಮತಗಟ್ಟೆಯಲ್ಲಿರಬೇಕು. ಯಂತ್ರ ಪರೀಕ್ಷಿಸುವ ಅಣಕು ಮತದಾನದಲ್ಲಿ ಕನಿಷ್ಠ 50 ಮತ ಹಾಕಿ, ಮುಚ್ಚಿ, ಫಲಿತಾಂಶ ನೋಡಿ, ಅಳಿಸಬೇಕು. ಅಳಿಸುವುದು ಮರೆತರೆ ಆ ಮತಗಳು ನಿಜವಾದವುಗಳ ಜೊತೆ ಬೆರೆಯುತ್ತವೆ. ಸಂಜೆ ಮತದಾನ ಮುಗಿದಾಗ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಚಲಾಯಿತ ಮತಗಳ ಲೆಕ್ಕವಾದ ಫಾರ್ಮ್ 17ಸಿಯ ದೃಢೀಕೃತ ಪ್ರತಿಯನ್ನು ಹಾಜರಿರುವ ಪ್ರತಿ ಏಜೆಂಟರಿಗೂ ಕೊಡಬೇಕು. ಎಣಿಕೆಯ ದಿನ ಯಂತ್ರದ ಒಟ್ಟು ಮೊತ್ತವನ್ನು ತಾಳೆ ನೋಡಲು ಪಕ್ಷದ ಕೈಯಲ್ಲಿರುವ ದಾಖಲೆ ಅದೇ. ಐದು ಗಂಟೆಗೇ ಊಟಕ್ಕೆ ಎದ್ದುಹೋದ ಏಜೆಂಟರ ಪ್ರತಿ ಅಲ್ಲೇ ಉಳಿಯುತ್ತದೆ.