ಮುಂಚಕ್ರದ ಬ್ರೇಕ್ ಪ್ಯಾಡ್ ಬದಲಾವಣೆ: ಹಳೇ ಪ್ಯಾಡ್ ಓದುವುದು ಹೇಗೆ

ವ್ಯಾಗನ್‌ಆರ್, ಸ್ವಿಫ್ಟ್, ಐ10 ತರಹದ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ, ಅದನ್ನು ಎರಡೂ ಕಡೆಯಿಂದ ಉಜ್ಜಿ ನಿಲ್ಲಿಸುವುದು ಪ್ಯಾಡ್. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುವುದರಿಂದ ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಚಕ್ರಗಳದ್ದೇ, ಮೊದಲು ಸವೆಯುವುದೂ ಅಲ್ಲಿಯೇ. ಪ್ಯಾಡ್ ಬದಲಿಸುವುದರಲ್ಲಿ ಕೈಚಳಕ ಏನೂ ಇಲ್ಲ, ಕೆಲವು ಬೋಲ್ಟ್ ಬಿಚ್ಚಿ ಕಟ್ಟುವುದಷ್ಟೇ. ಬಿಚ್ಚಿದ ಮೇಲೆ ಏನು ನೋಡಬೇಕು ಅನ್ನುವುದೇ ನಿಜವಾದ ಪಾಠ. ಈ ಟಿಪ್ಪಣಿಯಲ್ಲಿ ಅದಕ್ಕೇ ಹೆಚ್ಚು ಜಾಗ.

ಮೊದಲು ರಚನೆ. ಪ್ಯಾಡ್‌ಗಳನ್ನು ಡಿಸ್ಕಿನ ಎರಡೂ ಕಡೆಯಿಂದ ಅಮುಕುವ ಇಕ್ಕಳದಂಥ ಭಾಗವೇ ಕ್ಯಾಲಿಪರ್. ಈ ಕಾರುಗಳ ಕ್ಯಾಲಿಪರ್‌ನಲ್ಲಿ ಬ್ರೇಕ್ ಆಯಿಲ್ ದೂಡುವ ಪಿಸ್ಟನ್ ಒಂದೇ, ಅದೂ ಒಳಬದಿಗೆ. ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಗೈಡ್ ಪಿನ್‌ಗಳ ಮೇಲೆ ಹಿಂದೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ಡಿಸ್ಕಿಗೆ ಅಮುಕುತ್ತದೆ. ಪಿನ್ ಜಾರದಿದ್ದರೆ ಲೆಕ್ಕವೆಲ್ಲ ತಪ್ಪುತ್ತದೆ.

ಕಾಲು ತೆಗೆದಾಗ ಪಿಸ್ಟನ್ ಹಿಂದೆ ಬರುವುದು ಹೇಗೆ? ಅಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಸೀಲ್ ಒತ್ತಡಕ್ಕೆ ತುಸು ಸೊಟ್ಟಗಾಗುತ್ತದೆ, ಒತ್ತಡ ಹೋದಾಗ ಮೊದಲಿನಂತಾಗುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದೆಳೆಯುತ್ತದೆ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಸೀಲಿನೊಳಗೆ ಮುಂದೆ ಜಾರಿ ಹೊಸ ಜಾಗದಲ್ಲಿ ನಿಲ್ಲುತ್ತದೆ. ಡಿಸ್ಕ್ ಬ್ರೇಕಿಗೆ ಆಗಾಗ ಅಡ್ಜಸ್ಟ್ ಮಾಡುವ ಗೊಡವೆ ಇಲ್ಲದಿರುವುದು ಇದರಿಂದಲೇ.

ಮುಂದೆ ಬಂದ ಪಿಸ್ಟನ್ ಹಿಂದಿನ ಖಾಲಿ ಜಾಗ ತುಂಬುವುದು ಬ್ರೇಕ್ ಆಯಿಲ್. ಹಾಗಾಗಿ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಮಟ್ಟ ನಿಧಾನವಾಗಿ ಇಳಿಯುತ್ತ ಬಂದಿದ್ದರೆ ಮೊದಲು ನೋಡಬೇಕಾದ್ದು ಪ್ಯಾಡ್. ಎಲ್ಲೂ ಸೋರಿಕೆ ಇಲ್ಲ, ಪ್ಯಾಡ್ ಮಾತ್ರ ಸವೆದಿದೆ ಎಂದಾದರೆ ಇಳಿದದ್ದು ಸಹಜ. ಸುಮ್ಮನೆ ಮೇಲಿನ ಗೆರೆವರೆಗೆ ಸುರಿದಿಟ್ಟರೆ, ಹೊಸ ಪ್ಯಾಡಿಗಾಗಿ ಪಿಸ್ಟನ್ ಹಿಂದೆ ತಳ್ಳಿದ ದಿನ ಅದೆಲ್ಲ ಡಬ್ಬಿಯಿಂದ ಉಕ್ಕುತ್ತದೆ. ಡಾಟ್ 3, ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಗಾಡಿಯ ಬಣ್ಣ ಕಿತ್ತುಬಿಡುತ್ತದೆ. ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಡಬ್ಬಿ ತುಂಬಿದ್ದರೆ ಕೆಲಸ ಶುರುಮಾಡುವ ಮೊದಲೇ ಹೊಸ ಸಿರಿಂಜಿನಿಂದ ಸ್ವಲ್ಪ ತೆಗೆದಿಡಿ.

ಇನ್ನು ಜಾಕಿ. ಗಾಡಿ ಗೇರಿನಲ್ಲಿದೆ, ಅಲ್ಲಾಡುವುದಿಲ್ಲ ಎಂದು ಹಲವರು ನಂಬುತ್ತಾರೆ. ಮುಂದಿನ ಚಕ್ರ ಓಡಿಸುವ ಕಾರಿನಲ್ಲಿ ಒಂದು ಮುಂಚಕ್ರ ನೆಲ ಬಿಟ್ಟರೆ ಡಿಫರೆನ್ಷಿಯಲ್ (ಎಡ, ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇನ್ನೊಂದನ್ನು ತಿರುಗಲು ಬಿಡುತ್ತದೆ. ಅಂದರೆ ಗೇರ್ ಹಾಕಿದರೂ ಹಿಡಿತವಿಲ್ಲ. ಆಗ ಗಾಡಿಯನ್ನು ಹಿಡಿದಿರುವುದು ಹಿಂದಿನ ಚಕ್ರದ ಹ್ಯಾಂಡ್‌ಬ್ರೇಕ್ ಮಾತ್ರ. ಸಮತಟ್ಟು ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಹಿಂಚಕ್ರಕ್ಕೆ ಎರಡೂ ಕಡೆ ಅಡೆಗಲ್ಲು, ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್. ಬರೀ ಜಾಕಿ ನಂಬಿ ಕೈಹಾಕಬೇಡಿ. ವೀಲ್ ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿಕೊಳ್ಳಿ.

ಚಕ್ರ ತೆಗೆದ ಮೇಲೆ ಸಾಮಾನ್ಯವಾಗಿ ಕ್ಯಾಲಿಪರಿನ ಕೆಳಗಿನ ಬೋಲ್ಟ್ ಬಿಚ್ಚಿದರೆ ಸಾಕು, ಕ್ಯಾಲಿಪರನ್ನು ಮೇಲಕ್ಕೆ ಮಗುಚಬಹುದು. ಎರಡೂ ಬೋಲ್ಟ್ ಬಿಚ್ಚಿದರೆ ಅದನ್ನು ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ, ಬ್ರೇಕ್ ಆಯಿಲ್ ಹೋಸ್ ಮೇಲೆ ಜೋತುಬೀಳಲು ಬಿಡಬೇಡಿ. ಧೂಳನ್ನು ಬಾಯಿಂದಲೋ ಏರ್ ಹೊಡೆದೋ ಊದಬೇಡಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ.

ಈಗ ಹಳೇ ಪ್ಯಾಡ್‌ಗಳನ್ನು ಎಸೆಯದೆ ನೆಲದ ಮೇಲೆ ಸಾಲಾಗಿ ಇಡಿ: ಎಡ ಒಳಗೆ, ಎಡ ಹೊರಗೆ, ಬಲ ಒಳಗೆ, ಬಲ ಹೊರಗೆ. ಹೊಸದರಲ್ಲಿ ಉಜ್ಜುವ ಪದರ ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಬಂದರೆ ಬದಲಿಸುವ ಕಾಲ. ಎಲ್ಲ ಒಂದೇ ಸಮ ಸವೆದಿದ್ದರೆ ಹೊಸದು ಹಾಕಿ ಮುಗಿಸಿ. ಒಳಗಿನದು ಹಿಂಬದಿಯ ತಗಡು ಕಾಣುವಷ್ಟು ಸವೆದು ಹೊರಗಿನದು ದಪ್ಪಗೇ ಇದ್ದರೆ ಅನುಮಾನ ಗೈಡ್ ಪಿನ್ ಮೇಲೆ: ಕ್ಯಾಲಿಪರ್ ಜಾರುತ್ತಿಲ್ಲ, ಒಳಗಿನದೊಂದೇ ದುಡಿದಿದೆ. ಪಿಸ್ಟನ್ ಹಿಂದೆ ಬರದೆ ಕಚ್ಚಿಕೊಂಡಿದ್ದರೂ ಹೀಗೇ ಆಗುತ್ತದೆ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗಿದ್ದರೆ ಎರಡು ಪಿನ್‌ಗಳಲ್ಲಿ ಒಂದು ಹಿಡಿದಿರಬಹುದು. ಕಾರಣ ಹುಡುಕದೆ ಹೊಸ ಪ್ಯಾಡ್ ಹಾಕಿದರೆ ಅದೂ ಅದೇ ಆಕಾರಕ್ಕೆ ಸವೆಯುತ್ತದೆ.

ಪಿನ್ ಪರೀಕ್ಷೆ ಸುಲಭ. ಚೆನ್ನಾಗಿರುವ ಪಿನ್ ಎರಡು ಬೆರಳಿಗೆ ನುಣ್ಣಗೆ ಜಾರುತ್ತದೆ, ಒತ್ತಿ ಬಿಟ್ಟರೆ ಒಳಗಿನ ಗಾಳಿ ಅದನ್ನು ಸ್ವಲ್ಪ ಹೊರಗೆ ದೂಡುತ್ತದೆ. ಕರಾವಳಿಯ ಉಪ್ಪುಗಾಳಿ, ಮಳೆಗೆ ಪಿನ್ ಮುಚ್ಚುವ ರಬ್ಬರ್ ಬೂಟ್ ಬಿರಿದಿದ್ದರೆ ಒಳಗೆ ತುಕ್ಕು ಹಿಡಿದು, ಹಳೇ ಗ್ರೀಸ್ ಕಂದು ಹೆಂಟೆಯಾಗಿ ಬರುತ್ತದೆ. ಪೂರ್ತಿ ಒರೆಸಿ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಉಬ್ಬಿಕೊಂಡು ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡ್ ಮುಖಕ್ಕೆ, ಡಿಸ್ಕಿಗೆ ಯಾವ ಗ್ರೀಸೂ ತಾಗಬಾರದು. ಡಿಸ್ಕಿನ ದಪ್ಪವನ್ನೂ ಅಳೆಯಿರಿ. ಇರಬೇಕಾದ ಕನಿಷ್ಠ ದಪ್ಪವನ್ನು ಹೆಚ್ಚಾಗಿ ಅದರ ಮೇಲೇ ಅಚ್ಚೊತ್ತಿರುತ್ತಾರೆ.

ಪಿಸ್ಟನ್ ಹಿಂದೆ ತಳ್ಳಲು ಹಳೇ ಪ್ಯಾಡ್ ಅಡ್ಡ ಇಟ್ಟು ಸಿ ಕ್ಲಾಂಪ್ ನಿಧಾನಕ್ಕೆ ಬಿಗಿಯಿರಿ. ಒಂದು ಬದಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಎರಡೂ ಕ್ಯಾಲಿಪರ್ ಒಟ್ಟಿಗೆ ಬಿಚ್ಚಿಟ್ಟು ಇಲ್ಲಿ ತಳ್ಳಿದರೆ ಅಲ್ಲಿಯ ಪಿಸ್ಟನ್ ಹೊರಗೆ ಬರುವ ಅಪಾಯವಿದೆ. ಹೊಸ ಪ್ಯಾಡ್ ಮಾತ್ರ ಎರಡೂ ಬದಿಗೆ ಹಾಕಲೇಬೇಕು. ಬೋಲ್ಟ್, ನಟ್ಟುಗಳ ಬಿಗಿ ಎಷ್ಟಿರಬೇಕೆಂದು ಆ ಕಾರಿನ ಸರ್ವಿಸ್ ಮ್ಯಾನ್ಯುಯಲ್ ನೋಡಿ ಟಾರ್ಕ್ ರೆಂಚ್‌ನಲ್ಲಿ ಹಾಕಿ.

ಎಲ್ಲ ಕಟ್ಟಿದ ಮೇಲೆ ಮೊದಲ ಬಾರಿ ಪೆಡಲ್ ಒತ್ತಿದರೆ ಅದು ನೆಲಕ್ಕೇ ಹೋಗುತ್ತದೆ. ಪಿಸ್ಟನ್ ಇನ್ನೂ ಹಿಂದೆಯೇ ಇದೆ. ಗಾಡಿ ನಿಂತಲ್ಲೇ ಪಂಪ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಗೇರ್ ಮುಟ್ಟಬೇಡಿ. ಪಂಪ್ ಮಾಡಿಯೂ ಮೆತ್ತಗೇ ಇದ್ದರೆ ಲೈನಿನಲ್ಲಿ ಗಾಳಿ ಸೇರಿರಬಹುದು, ಆ ಗಾಡಿ ರಸ್ತೆಗಿಳಿಯಬಾರದು. ಆಮೇಲೆ ಆಯಿಲ್ ಮಟ್ಟ ನೋಡಿ.

ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಹದವಾಗಿ ಹಲವು ಸಲ ಬ್ರೇಕ್ ಹಾಕಿ, ನಡುನಡುವೆ ತಣ್ಣಗಾಗಲು ಬಿಡಿ. ಪ್ಯಾಡಿನ ಪದರ ಡಿಸ್ಕಿಗೆ ಸಮನಾಗಿ ಕೂರಬೇಕು. ಆವತ್ತೇ ಶಿರಾಡಿ ಘಾಟ್ ಇಳಿಯುವ ಯೋಚನೆ ಬೇಡ. ಬ್ರೇಕ್ ಒತ್ತಿದಾಗ ಗಾಡಿ ಎಡಕ್ಕೆ ಎಳೆದರೆ ಹೊಸಬರು ಎಡಗಡೆ ಬಿಚ್ಚಲು ಹೊರಡುತ್ತಾರೆ. ಬ್ರೇಕ್ ಚೆನ್ನಾಗಿ ಹಿಡಿದ ಬದಿಗೇ ಗಾಡಿ ಎಳೆಯುವುದರಿಂದ ಮೊದಲು ಬಲಗಡೆಯ ಪಿನ್, ಪಿಸ್ಟನ್ ನೋಡಿ.