ಬ್ಲಾಕ್ ಟೈಮ್: ವಿಮಾನದ ಟಿಕೆಟ್ಟಿನ ಗಂಟೆ ಎಲ್ಲಿಂದ ಎಲ್ಲಿಗೆ?

ಶಿವಮೊಗ್ಗ ವಿಮಾನ ನಿಲ್ದಾಣದಿಂದ ಬೆಂಗಳೂರಿನದಕ್ಕೆ ನೆಟ್ಟಗೆ ಅಳೆದರೆ ಸುಮಾರು 240 ಕಿ.ಮೀ. ಎಟಿಆರ್‌ನಂಥ ಚಿಕ್ಕ ವಿಮಾನವೂ ಗಂಟೆಗೆ 500 ಕಿ.ಮೀ. ಹತ್ತಿರ ಹೋಗುತ್ತದೆ. ಅಂದರೆ ಅರ್ಧ ಗಂಟೆ ಸಾಕು, ಅಲ್ವಾ? ಟಿಕೆಟ್ಟಿನಲ್ಲಿ ಮಾತ್ರ ಒಂದು ಗಂಟೆಯ ಆಸುಪಾಸು ಬರೆದಿರುತ್ತದೆ.

ಅದು ಹಾರಾಟದ ಹೊತ್ತಲ್ಲ, ಬ್ಲಾಕ್ ಟೈಮ್. ನಮ್ಮ ದಾವಣಗೆರೆಯ ಪಿ.ಬಿ. ರೋಡಿನಲ್ಲಿ ನಿಂತ ಲಾರಿಯ ಗಾಲಿಗೆ ಕಲ್ಲು ಕೊಟ್ಟಿರುತ್ತಾರಲ್ಲ, ಹಾಗೇ ವಿಮಾನದ ಚಕ್ರಕ್ಕೂ ಅಡ್ಡ ಕೊಟ್ಟಿರುತ್ತಾರೆ. ಆ ಅಡ್ಡ ತೆಗೆದು ವಿಮಾನ ಕದಲಿದಾಗಿನಿಂದ, ಇನ್ನೊಂದು ಊರಲ್ಲಿ ನಿಂತು ಮತ್ತೆ ಅಡ್ಡ ಬೀಳುವವರೆಗಿನ ಸಮಯ ಇದು. ಟ್ರ್ಯಾಕ್ಟರಿನಂಥ ಗಾಡಿ ವಿಮಾನವನ್ನು ಹಿಂದಕ್ಕೆ ತಳ್ಳಬೇಕು, ಎಂಜಿನ್ ಶುರುವಾಗಬೇಕು, ರನ್‌ವೇ ಮುಟ್ಟುವವರೆಗೆ ನಿಧಾನಕ್ಕೆ ಉರುಳಬೇಕು. ಮುಂದೆ ನಾಲ್ಕು ವಿಮಾನ ನಿಂತಿದ್ದರೆ ಕಾಯಬೇಕು. ಇಳಿಯುವಾಗಲೂ ಸರದಿ. ಇದೆಲ್ಲ ದೂರಕ್ಕೆ ಸಂಬಂಧವಿಲ್ಲದ ಖರ್ಚು, ಹತ್ತಿರದ ಊರಿಗೂ ಅಷ್ಟೇ, ದೂರದ ಊರಿಗೂ ಅಷ್ಟೇ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿ.ಮೀ., ಶಿವಮೊಗ್ಗದ ಏಳು ಪಟ್ಟು. ಆದರೂ ಟಿಕೆಟ್ಟಿನ ಸಮಯ ಮೂರು ಗಂಟೆ ದಾಟುವುದು ಅಪರೂಪ. ದೊಡ್ಡ ಜೆಟ್ ಗಂಟೆಗೆ 800 ಕಿ.ಮೀ.ಗೂ ಜಾಸ್ತಿ ಓಡುತ್ತದೆ ಅನ್ನುವುದೂ ಒಂದು ಕಾರಣ.

ಇನ್ನು ದೂರದ ವಿಷಯ. ಆನ್‌ಲೈನಿನಲ್ಲಿ ಸಿಗುವ ಕಿಲೋಮೀಟರು ಸಾಮಾನ್ಯವಾಗಿ ದುಂಡನೆಯ ಭೂಮಿಯ ಮೇಲಿನ ಅತಿ ಹತ್ತಿರದ ದಾರಿಯದು. ಗ್ಲೋಬಿನ ಮೇಲೆ ಎರಡು ಊರಿನ ನಡುವೆ ದಾರ ಬಿಗಿಯಾಗಿ ಎಳೆದು ನೋಡಿ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ದಾರ ಉತ್ತರ ಧ್ರುವದ ಹತ್ತಿರ ಹೋಗುತ್ತದೆ, ಸುಮಾರು 14 ಸಾವಿರ ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಆ ಕಡೆಯಿಂದಲೇ ಬಂತು. ಗೋಡೆಯ ನಕಾಶೆಯಲ್ಲಿ ಇದು ಹೊಳೆಯುವುದೇ ಇಲ್ಲ.

ವಿಮಾನಗಳು ಆ ದಾರದ ಮೇಲೆಯೇ ಹೋಗುತ್ತವೆ ಅಂತಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ನಮ್ಮ ವಿಮಾನಗಳಿಗೆ ಮುಚ್ಚಿತು. ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವು ಸುತ್ತು ಹಾಕಬೇಕಾಯಿತು. ಗಾಳಿಯೂ ಲೆಕ್ಕಕ್ಕೆ ಬರುತ್ತದೆ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಇರುವುದರಿಂದ ಲಂಡನ್ನಿಗೆ ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಡಿಮೆ.

ಟಿಕೆಟ್ಟಿನ ಗಡಿಯಾರ ಆಯಾ ಊರಿನದು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ 10ಕ್ಕೆ ಬಿಟ್ಟು 12.30ಕ್ಕೆ ತಲುಪುತ್ತದೆ ಅಂದರೆ ಪ್ರಯಾಣ ಎರಡೂವರೆ ಗಂಟೆಯಲ್ಲ, ನಾಲ್ಕು.

ದಾವಣಗೆರೆಯವರಿಗೆ ಈ ಬ್ಲಾಕ್ ಟೈಮು ಚಿಲ್ಲರೆ. ಇಲ್ಲಿ ವಿಮಾನ ನಿಲ್ದಾಣವಿಲ್ಲ. ದೇವನಹಳ್ಳಿಗೆ ಹೋಗಬೇಕಾದರೆ ರಸ್ತೆಯಲ್ಲೇ ಐದು ಗಂಟೆ ಇಟ್ಟುಕೊಳ್ಳಿ. ಬೆಂಗಳೂರಿನ ಒಳಗೆ ಸಿಕ್ಕಿಕೊಳ್ಳುವ ಬದಲು ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗುವುದು ಮೇಲು. ದೇಶದೊಳಗಿನ ವಿಮಾನಕ್ಕೆ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ, ಅದನ್ನೂ ಸೇರಿಸಿ. ಬೆಂಗಳೂರಿಗೇ ಹೋಗುವವರು ಹೊನ್ನಾಳಿ ಮೇಲೆ ಶಿವಮೊಗ್ಗಕ್ಕೆ ಹೋಗಿ ವಿಮಾನ ಹತ್ತುವುದು ಸುಮ್ನೆ ಶೋಕಿ. ಅದಕ್ಕಿಂತ ವಂದೇ ಭಾರತ್ ವಾಸಿ, ದಾವಣಗೆರೆಯಲ್ಲೇ ನಿಲ್ಲುತ್ತದೆ.