ಮೊದಲು ಹೆಂಗಸರು, ಆಮೇಲೆ ಇಲಿಗಳು: ಕ್ವಿನಾಕ್ರಿನ್ ಗುಳಿಗೆಯ ಹಿನ್ನೆಲೆ

ನಮ್ಮಲ್ಲಿ ‘ಆಪರೇಷನ್ ಆಗಿದೆ’ ಅಂದರೆ ಸಾಕು, ಯಾವ ಆಪರೇಷನ್ ಎಂದು ಯಾರೂ ಕೇಳುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15–49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಈ ಶಸ್ತ್ರಚಿಕಿತ್ಸೆಯಲ್ಲೂ ಜೀವ ಹೋಗುವುದುಂಟು. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರ ಬಳಿಯ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಲಾಯಿತು. ಅವರಲ್ಲಿ 13 ಮಂದಿ ಸತ್ತರು. ಹೊಟ್ಟೆ ಕೊಯ್ಯದೆ, ಅರಿವಳಿಕೆ ಕೊಡದೆ ಅಂಡನಾಳ ಮುಚ್ಚುವ ರಾಸಾಯನಿಕ ಬೇಕೆಂಬ ಆಸೆ ಸುಮ್ಮನೆ ಹುಟ್ಟಿದ್ದಲ್ಲ.

ಆ ಆಸೆಯೂ ಹಳೆಯದೇ. ಜರ್ಮನಿಯ ವೈದ್ಯ ಫ್ರೋರಿಪ್ 1849ರಲ್ಲೇ ಸಿಲ್ವರ್ ನೈಟ್ರೇಟ್ ಹಚ್ಚಿ ನಾಳ ಸುಡುವ ವಿಧಾನ ಬರೆದಿಟ್ಟಿದ್ದ. ಆದರೆ ಲಕ್ಷ ದಾಟಿದ ಹೆಂಗಸರ ಮೇಲೆ ಬಳಕೆಯಾಗಿ ದೊಡ್ಡ ಜಗಳಕ್ಕೆ ಕಾರಣವಾದದ್ದು ಕ್ವಿನಾಕ್ರಿನ್. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಮಲೇರಿಯಾಕ್ಕೆಂದು ನುಂಗಿ ಮೈಯೆಲ್ಲ ಹಳದಿ ಮಾಡಿಕೊಂಡ ಮಾತ್ರೆ ಅದು. ಚಿಲಿಯ ವೈದ್ಯ ಹೈಮೆ ಸಿಪ್ಪರ್ ಅದನ್ನು ಮೊದಲು ದ್ರವವಾಗಿ ಗರ್ಭಕೋಶಕ್ಕೆ ಹಾಕಿ ನೋಡಿದರು. ದ್ರವವು ನಾಳ ದಾಟಿ ಹೊಟ್ಟೆಗೆ ಚೆಲ್ಲಿ, ಬೇಗ ರಕ್ತಕ್ಕೆ ಸೇರಿ ಮಿದುಳನ್ನು ಕೆರಳಿಸಿತು. 1970ರ ದಶಕದಲ್ಲಿ ನಿಧಾನ ಕರಗುವ ಗುಳಿಗೆ ಬಂದದ್ದು ಈ ಕಾರಣಕ್ಕೆ.

ವಿಧಾನ ಇಷ್ಟು: ತಲಾ 36 ಮಿಲಿಗ್ರಾಂನ 7 ಗುಳಿಗೆ, ಒಟ್ಟು 252 ಮಿಲಿಗ್ರಾಂ. ವಂಕಿ ಅಥವಾ ಕಾಪರ್-ಟಿ ಹಾಕುವ ಕೊಳವೆಯನ್ನೇ ಚೂರು ಬದಲಿಸಿ, ಅದರ ಮೂಲಕ ಗುಳಿಗೆಗಳನ್ನು ಗರ್ಭಕೋಶದ ಮೇಲ್ತುದಿಯಲ್ಲಿ ಬಿಡಬೇಕು. ಮುಟ್ಟು ನಿಂತ ಮೇಲಿನ ದಿನಗಳಲ್ಲಿ ಒಮ್ಮೆ, ತಿಂಗಳ ನಂತರ ಇನ್ನೊಮ್ಮೆ. ಗುಳಿಗೆ ಕರಗಿ ಅಂಡನಾಳದ ಬಾಯಲ್ಲಿ ಉರಿಯೂತ ಎಬ್ಬಿಸುತ್ತದೆ; ಅದು ಮಾಯುವಾಗ ಬೆಳೆಯುವ ಗಾಯದ ಅಂಗಾಂಶ ನಾಳವನ್ನು ಮುಚ್ಚುತ್ತದೆ. ಇದಕ್ಕೆ ವಾರಗಟ್ಟಲೆ ಬೇಕು; ಅಲ್ಲಿಯವರೆಗೆ ಬೇರೆ ಗರ್ಭನಿರೋಧಕ ಕಡ್ಡಾಯ.

ಎಡವಟ್ಟಾಗುವುದು ಎಲ್ಲಿ? ಗುಳಿಗೆ ಮೇಲ್ತುದಿಗೆ ಮುಟ್ಟದೆ ಕೆಳಗೇ ಉಳಿದರೆ ಔಷಧ ನಾಳದ ಬಾಯಿಗೆ ತಾಗುವುದಿಲ್ಲ. ಒಂದು ನಾಳ ಮುಚ್ಚಿ ಇನ್ನೊಂದು ತೆರೆದುಳಿಯಬಹುದು. ಅರೆಬರೆ ಮುಚ್ಚಿದರೆ ಭ್ರೂಣ ನಾಳದಲ್ಲೇ ಸಿಕ್ಕಿಕೊಳ್ಳುವ ಅಪಾಯ. ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ನಾಳವನ್ನು ಕಣ್ಣಾರೆ ನೋಡಿ ಕಟ್ಟುತ್ತಾರೆ. ಇಲ್ಲಿ ಎಲ್ಲವೂ ಕುರುಡು. ಬಣ್ಣದ ದ್ರವ ಬಿಟ್ಟು ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ ನಿಜ, ಆದರೆ ಅದನ್ನು ಸೇರಿಸಿದರೆ ‘ಅಗ್ಗ, ಸುಲಭ’ ಎಂಬ ಹೆಗ್ಗಳಿಕೆಯೇ ಉಳಿಯುವುದಿಲ್ಲ.

ವಿಯೆಟ್ನಾಂ ಸರ್ಕಾರ 1989ರಿಂದ ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು. 31,781 ಮಹಿಳೆಯರ ವರದಿ 1993ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು: ಎರಡು ಬಾರಿ ಹಾಕಿಸಿಕೊಂಡವರಲ್ಲಿ ಒಂದು ವರ್ಷದಲ್ಲಿ ಗರ್ಭ ನಿಂತದ್ದು ನೂರಕ್ಕೆ 2.63. ಕೇಳಲು ಚಿಕ್ಕದು. ಆದರೆ ಮುಂದಿನ ಅಧ್ಯಯನಗಳಲ್ಲಿ ಐದು ವರ್ಷಕ್ಕೆ ಅದು ನೂರಕ್ಕೆ ಹತ್ತರ ಆಸುಪಾಸಿಗೆ ಏರಿತು. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಶಸ್ತ್ರಚಿಕಿತ್ಸೆಯ ವೈಫಲ್ಯ ಹತ್ತು ವರ್ಷಕ್ಕೂ ನೂರಕ್ಕೆ ಎರಡನ್ನು ಮುಟ್ಟಿರಲಿಲ್ಲ. ಗುಳಿಗೆಯಿಂದ ಕ್ಯಾನ್ಸರ್ ಬರುತ್ತದೆಯೇ ಎಂಬ ಚರ್ಚೆಯ ಗದ್ದಲದಲ್ಲಿ ಈ ಸರಳ ಲೆಕ್ಕ ಹಿಂದೆ ಸರಿದದ್ದು ವಿಚಿತ್ರ.

ಕ್ಯಾನ್ಸರ್ ಭಯಕ್ಕೂ ಬುಡವಿತ್ತು. ಕ್ವಿನಾಕ್ರಿನ್ ಡಿಎನ್‌ಎ ಎಳೆಗಳ ನಡುವೆ ತೂರಿಕೊಳ್ಳುವ ವಸ್ತು; ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ವಂಶವಾಹಿಯನ್ನು ಕೆಡಿಸುತ್ತದೆಂದು ಕಂಡಿತ್ತು. ವಿಷಪರೀಕ್ಷೆ ಮುಗಿಯುವ ತನಕ ಮಹಿಳೆಯರ ಮೇಲೆ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹೇಳಿತು. ವಿಯೆಟ್ನಾಂ ಅಷ್ಟರಲ್ಲೇ ನಿಲ್ಲಿಸಿತ್ತು. ಇಲಿಗಳ ಗರ್ಭಕೋಶಕ್ಕೆ ಹಾಕಿ ಎರಡು ವರ್ಷ ಗಮನಿಸಿದ ಅಧ್ಯಯನ ಹೊರಬಂದದ್ದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಹೆಚ್ಚಿನ ಪ್ರಮಾಣ ಪಡೆದ ಇಲಿಗಳಲ್ಲಿ ಗೆಡ್ಡೆಗಳು ಹೆಚ್ಚಿದ್ದವು. ಆ ಪ್ರಮಾಣ ವಿಪರೀತವಾಗಿತ್ತೆಂಬುದು ಬೆಂಬಲಿಗರ ವಾದ. ಚಿಲಿಯಲ್ಲಿ 1,492 ಮಹಿಳೆಯರನ್ನು ಹಿಂಬಾಲಿಸಿದಾಗ ಕ್ಯಾನ್ಸರ್ ಎದ್ದು ಕಾಣುವಂತೆ ಹೆಚ್ಚಿರಲಿಲ್ಲ ಎನ್ನುವುದೂ ಸರಿ. ಅಪರೂಪದ ಕ್ಯಾನ್ಸರನ್ನು ತಳ್ಳಿಹಾಕಲು ಅಷ್ಟು ಜನ ಸಾಲುವುದಿಲ್ಲ, ಅಷ್ಟೆ.

ಭಾರತದಲ್ಲಿ ಗುಳಿಗೆ ಸರ್ಕಾರಿ ಕಾರ್ಯಕ್ರಮದ ಹೊರಗೆ, ಖಾಸಗಿ ವೈದ್ಯರ ಕೈಯಿಂದ ಹರಡಿತು. ಜನಸಂಖ್ಯಾ ನಿಯಂತ್ರಣದ ಪ್ರತಿಪಾದಕರಾದ ಅಮೆರಿಕದ ಸ್ಟೀಫನ್ ಮಮ್‌ಫರ್ಡ್ ಮತ್ತು ಎಲ್ಟನ್ ಕೆಸೆಲ್ ಅದನ್ನು ಸ್ವಿಟ್ಜರ್ಲೆಂಡಿನಲ್ಲಿ ಮಾಡಿಸಿ ಹಂಚುತ್ತಿದ್ದರು. ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ಮತ್ತು ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಅಧ್ಯಾಪಕರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1998ರಲ್ಲಿ ಈ ಬಳಕೆಗೆ ನಿಷೇಧ ಬಿತ್ತು. ಚಿಕಿತ್ಸಾಲಯದಲ್ಲಾಗಲಿ ಸಂಶೋಧನೆಯಲ್ಲಾಗಲಿ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮತ್ತೆ ಹೇಳಿತು.

ಹುಡುಕಾಟ ಮಾತ್ರ ನಿಂತಿಲ್ಲ. ಉಬ್ಬಿದ ರಕ್ತನಾಳಕ್ಕೆ ಚುಚ್ಚುವ ಪಾಲಿಡೊಕನಾಲ್ ಔಷಧವನ್ನು ನೊರೆ ಮಾಡಿ ಬಬೂನ್ ಮಂಗಗಳ ಮೇಲೆ ಪರೀಕ್ಷಿಸಿದ್ದಾರೆ. ‘ಫೆಮ್‌ಬ್ಲಾಕ್’ ಎಂಬ ಅಂಟಿನ ಬಗೆಯ ದ್ರವವನ್ನು ಎರಡೂ ನಾಳಗಳಿಗೆ ತೆಳು ಕೊಳವೆಯಲ್ಲಿ ಬಿಡುತ್ತಾರೆ. ಮೂರು ತಿಂಗಳಾದ ಮೇಲೆ ಉಪ್ಪುನೀರು, ಗಾಳಿಗುಳ್ಳೆ ಹಾಯಿಸಿ ಸ್ಕ್ಯಾನ್ ಮಾಡಿ, ಎರಡೂ ಕಡೆ ಮುಚ್ಚಿದ್ದು ಕಂಡರೆ ಮಾತ್ರ ಬೇರೆ ಗರ್ಭನಿರೋಧಕ ನಿಲ್ಲಿಸಲು ಹೇಳುತ್ತಾರೆ.